ಮಗಳು ಮರಾಠಿ ಕಲಿತರೆ ನಮ್ಮತನ ಹೋಗುತ್ತಾ?

ಪ್ರಶ್ನೆ: ಬಾಗಲಕೋಟೆ ಕಡೆಯ ಹಳ್ಳಿಯಿಂದ ಬೆಳಗಾವಿಗೆ ಬಂದಿದ್ದೇವೆ. ಮಗಳು ಆರನೇ ಕ್ಲಾಸ್. ಅವಳ ಬೆಂಚಿನಲ್ಲಿ ಒಬ್ಬಳ ಮನೆಮಾತು ಮರಾಠಿ, ಇನ್ನೊಬ್ಬಳದು ಉರ್ದು. ಈಗ ಮನೆಯಲ್ಲೂ ನಡುನಡುವೆ ಮರಾಠಿ ಆಡುತ್ತಾಳೆ. ಎಳ್ಳ ಅಮಾವಾಸ್ಯೆಯ ಮರುದಿನ ಡಬ್ಬಿಗೆ ಸಜ್ಜೆ ರೊಟ್ಟಿ ಕಟ್ಟಿದ್ದೆ. ಶಾಲೆಯಿಂದ ಬಂದವಳೇ, ‘ಹೊಲಕ್ಕೆ ಹೋಗಿ ಚರಗ (ಭೂತಾಯಿಗೆ ಚೆಲ್ಲುವ ಎಡೆ) ಯಾಕೆ ಚೆಲ್ತೀವಿ?’ ಅಂದಳು. ನಮ್ಮದನ್ನೆಲ್ಲ ಮರೆಯುತ್ತಾಳೆ ಅಂತ ಹೆದರಿಕೆ.
– ಒಬ್ಬ ತಾಯಿ, ಬೆಳಗಾವಿ

ಉತ್ತರ: ಆ ಪ್ರಶ್ನೆ ಕೇಳಿ ನನಗಂತೂ ಖುಷಿಯಾಯಿತು. ಊರಲ್ಲಿದ್ದಾಗ ಅವಳು ಇದನ್ನು ಕೇಳಿರಲಿಕ್ಕಿಲ್ಲ. ಅಕ್ಕಪಕ್ಕದವರೆಲ್ಲ ಚರಗ ಚೆಲ್ಲುವವರೇ, ಕೇಳೋದೇನಿದೆ? ಇಲ್ಲಿ ಗೆಳತಿ ಡಬ್ಬಿ ನೋಡಿ ‘ಇದೇನು?’ ಅಂದಿರಬೇಕು. ಇವಳಿಗೆ ಉತ್ತರ ಹೊಳೆದಿಲ್ಲ. ಬೇರೆಯವರು ಕೇಳಿದಾಗಲೇ ಅಲ್ವಾ ನಮ್ಮ ಮನೆಯ ಪದ್ಧತಿ ನಮ್ಮ ಕಣ್ಣಿಗೆ ಬೀಳೋದು? ಊರಿನ ಅಜ್ಜಿಗೆ ಫೋನ್ ಹಚ್ಚಿಕೊಡಿ. ಜೋಳದ ಹೊಲ, ಭೂತಾಯಿಗೆ ಎಡೆ, ಎಲ್ಲ ಅವರ ಬಾಯಿಂದಲೇ ಬರಲಿ.

ಭಾಷೆಯ ಚಿಂತೆ ಬಿಡಿ. ಮನೆಯಲ್ಲಿ ಕನ್ನಡದ ಮಾತು, ಓದು ನಡೆದಿದ್ದರೆ ಸಾಕು. ನಾವು ದಿನಾ ಆಡುವ ಅರ್ಜಿ, ದವಾಖಾನೆ ಕೂಡ ಹೊರಗಿಂದ ಬಂದವೇ.

ಆದರೆ ಒಂದು ಮಾತು. ಸುಮ್ನೆ ಒಂದೇ ಬೆಂಚಿನಲ್ಲಿ ಕೂರಿಸಿದರೆ ಮಕ್ಕಳು ಒಬ್ಬರನ್ನೊಬ್ಬರು ಅರಿಯುವುದಿಲ್ಲ. ಕೆಲವೊಮ್ಮೆ ಜಗಳವೇ ಜಾಸ್ತಿ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಹೀಗೇ ಆಗಿತ್ತು. ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳನ್ನು ಹೊಸದಾಗಿ ಒಂದೇ ಶಾಲೆಗೆ ಹಾಕಿದ್ದರು. ಹೊಡೆದಾಟ ಶುರುವಾಯಿತು. ಆಗ ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞ ಪಾಠವನ್ನೇ ತುಂಡು ಮಾಡಿ ಹಂಚಿದರು. ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು. ಓದಿಕೊಂಡು ಉಳಿದವರಿಗೆ ಕಲಿಸಬೇಕು. ಪಕ್ಕದವನನ್ನು ಗೇಲಿ ಮಾಡಿದರೆ ಅವನ ತುಂಡು ಸಿಗುವುದಿಲ್ಲ, ಪರೀಕ್ಷೆಯಲ್ಲಿ ನಷ್ಟ ತನಗೇ!

ನಮ್ಮಲ್ಲೂ ಇದು ಸುಲಭ. ಮಲಪ್ರಭೆಯ ಪಾಠ ತಗೊಳ್ಳಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ನದಿ ಹುಟ್ಟುವುದನ್ನು ಒಬ್ಬಳು ಹೇಳಲಿ. ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟು ಇನ್ನೊಬ್ಬಳಿಗೆ. ಕೂಡಲಸಂಗಮದಲ್ಲಿ ಅದು ಕೃಷ್ಣೆಗೆ ಸೇರುವುದನ್ನು ನಿಮ್ಮ ಮಗಳಿಗೇ ಬಿಡಿ, ಅವಳ ಜಿಲ್ಲೆಯ ಊರು ಅದು. ಟೀಚರ್ ಹತ್ತಿರ ಮಾತಾಡಿ ನೋಡಿ.

ಅವರಿಗೆ ಪುರುಸೊತ್ತಿಲ್ಲ ಅಂದರೆ ಒಂದು ರವಿವಾರ ಆ ಇಬ್ಬರನ್ನೂ ಮನೆಗೆ ಕರೆಯಿರಿ. ರೊಟ್ಟಿ ಬಡಿಯುವುದನ್ನು ಮಗಳೇ ಕಲಿಸಲಿ. ಅವಳಿಗೇ ಬರಲ್ಲ ಅಂದರೆ ಶನಿವಾರ ನೀವು ಕೂರಿಸಿಕೊಂಡು ಕಲಿಸಬೇಕಾಗುತ್ತದೆ, ಅಷ್ಟೇ.