ಕೊಬ್ಬಿನ ಗುಳ್ಳೆಗೆ ಬುದ್ಧಿ ಎಲ್ಲಿಂದ ಬಂತು?

ನಮಸ್ಕಾರ. ನ್ಯಾನೋ ಲಸಿಕೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಸಲೀಸಾಗಿ ಓದಿಸಿಕೊಂಡು ಹೋಗುತ್ತೆ. ಆದ್ರೆ ಎರಡನೇ ಪ್ಯಾರಾಗೆ ಬರೋ ಹೊತ್ತಿಗೆ ತಲೆ ಕೆಟ್ಟೋಯ್ತು, ಬೇಜಾರ್ ಮಾಡ್ಕೋಬೇಡಿ.

"ಬುದ್ಧಿವಂತ ನ್ಯಾನೋ ಕಣಗಳು ಪುಟಾಣಿ ಸೈನಿಕರಂತೆ ಜೀವಕೋಶಗಳನ್ನು ಹುಡುಕಿಕೊಂಡು ಹೋಗಿ ಒಳನುಗ್ಗುತ್ತವೆ" ಅಂತೀರಿ. ಯಾವ ಸೈನಿಕರು ಮಾರಾಯ್ರೇ? ಕೋವಿಡ್ ಎಂಆರ್‌ಎನ್‌ಎ ಲಸಿಕೆಲಿ ಇರೋದು ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಗುಳ್ಳೆ, ಅದರೊಳಗೆ ಎಂಆರ್‌ಎನ್‌ಎ, ಅಂದ್ರೆ ವೈರಸ್ಸಿನ ಒಂದು ಪ್ರೋಟೀನ್ ಮಾಡು ಅಂತ ಜೀವಕೋಶಕ್ಕೆ ಹೇಳೋ ಸಂದೇಶ. ಗುಳ್ಳೆಲಿ ನಾಲ್ಕು ಥರದ ಲಿಪಿಡ್ (ಕೊಬ್ಬಿನಂಥ ವಸ್ತು), ಅದರಲ್ಲಿ ಒಂದು ಮಾಮೂಲಿ ಕೊಲೆಸ್ಟ್ರಾಲ್. ಆ ಗುಳ್ಳೆ ಯಾರನ್ನೂ ಹುಡುಕಲ್ಲ, ನುಗ್ಗೋದೂ ಇಲ್ಲ, ಜೀವಕೋಶವೇ ಅದನ್ನ ನುಂಗುತ್ತೆ. ನುಂಗಿದ್ಮೇಲೆ ಎಂಡೋಸೋಮ್ ಅನ್ನೋ ಚೀಲದೊಳಗೆ ಸಿಕ್ಕಾಕೊಳ್ಳುತ್ತೆ, ಅಲ್ಲಿ ಆಮ್ಲ ಜಾಸ್ತಿ ಆಗ್ತಾ ಹೋದ ಹಾಗೆ, ಅಲ್ಲಿವರೆಗೂ ಚಾರ್ಜೇ ಇಲ್ಲದೆ ತೆಪ್ಪಗಿದ್ದ ಒಂದು ಲಿಪಿಡ್‌ಗೆ ಪಾಸಿಟಿವ್ ಚಾರ್ಜ್ ಬರುತ್ತೆ, ಅದು ಚೀಲದ ಗೋಡೆಲಿರೋ ನೆಗೆಟಿವ್ ಲಿಪಿಡ್‌ಗಳಿಗೆ ಅಂಟಿಕೊಂಡು ಗೋಡೆ ಕೆಡಿಸುತ್ತೆ, ಆಗ ಎಂಆರ್‌ಎನ್‌ಎ ಹೊರಗೆ ಬೀಳುತ್ತೆ, ಅದೂ ಸ್ವಲ್ಪವೇ, ಬಹುಪಾಲು ಒಳಗೇ ಹಾಳಾಗುತ್ತೆ. ಇಷ್ಟು ಸೊಗಸಾದ ಕೆಮಿಸ್ಟ್ರಿ ಕೈಲಿಟ್ಕೊಂಡು ಕೋವಿ ಹಿಡಿಸಿದ್ದೀರಲ್ಲ!

ನಾನು ಪತ್ರಿಕೆ ಡೆಸ್ಕಿಗೆ ಹೊಸದಾಗಿ ಸೇರಿದಾಗ ಒಬ್ರು ಚೀಫ್ ಸಬ್ ಎಡಿಟರ್ ಇದ್ರು, ವಿಜ್ಞಾನದ ಕಾಪಿ ಯಾರೇ ಕೊಡ್ಲಿ ಮಾರ್ಜಿನ್ನಲ್ಲಿ ಕೆಂಪಿಂಕಲ್ಲಿ "ಹೆಂಗೆ?" ಅಂತ ಬರೆದು ವಾಪಸ್ ತಳ್ಳೋರು, ಬೇರೆ ಮಾತೇ ಇಲ್ಲ, ಬಾಯ್ತುಂಬ ಎಲೆಅಡಿಕೆ ಇರ್ತಿತ್ತಲ್ಲ ಅದಕ್ಕೂ ಇರಬಹುದು. ನಿಮ್ಮ ಈ ಒಂದು ವಾಕ್ಯಕ್ಕೇ ಮೂರು "ಹೆಂಗೆ?" ಬೀಳ್ತಿತ್ತು.

ಇನ್ನೊಂದು, "ನ್ಯಾನೋ ಆದ್ದರಿಂದ ಅಡ್ಡಪರಿಣಾಮದ ಪ್ರಶ್ನೆಯೇ ಇಲ್ಲ." ಹಾಗೆಲ್ಲ ಬರೀಬೇಡಿ. ಆ ಲಿಪಿಡ್‌ಗಳೇ ರೋಗನಿರೋಧಕ ವ್ಯವಸ್ಥೆನ ಕೆರಳಿಸುತ್ತವೆ, ಜ್ವರ ತೋಳುನೋವಿಗೆ ಅದೂ ಒಂದು ಕಾರಣ, ಲಸಿಕೆ ಚೆನ್ನಾಗಿ ನಾಟೋದಕ್ಕೂ ಅದೂ ಒಂದು ಕಾರಣ. ಅಪರೂಪಕ್ಕೆ ಜೋರು ಅಲರ್ಜಿ ಆಗಿದ್ದೂ ಇದೆ, ಹದಿಹರೆಯದ ಹುಡುಗರಲ್ಲಿ ಹೃದಯದ ಸ್ನಾಯು ಊದಿಕೊಂಡಿದ್ದೂ ಇದೆ. ಸುರಕ್ಷತೆ ಬಗ್ಗೆ ಹೇಳಲೇಬೇಕು ಅಂದ್ರೆ ಹೆಪಟೈಟಿಸ್ ಬಿ ಲಸಿಕೆ ಉದಾಹರಣೆ ತಗೊಳ್ಳಿ. ಮೊದಲು ಆ ಲಸಿಕೆನ ಸೋಂಕಿತರ ರಕ್ತದ ಪ್ಲಾಸ್ಮಾದಿಂದ ತೆಗೀತಿದ್ರು, 1986ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಹೊಸದರಲ್ಲಿ ಯೀಸ್ಟ್ ಕೈಲಿ ವೈರಸ್ಸಿನ ಹೊರಮೈ ಪ್ರೋಟೀನ್ ಮಾತ್ರ ಮಾಡಿಸಿದ್ರು, ಆ ಪ್ರೋಟೀನುಗಳು ತಾವೇ ಸೇರ್ಕೊಂಡು ಸುಮಾರು 22 ನ್ಯಾನೋಮೀಟರಿನ ಕಣ ಆಗ್ತವೆ. ಒಳಗೆ ವೈರಸ್ಸಿನ ಜೀನೇ ಇಲ್ಲ, ಹಾಗಾಗಿ ಅದರಿಂದ ಸೋಂಕು ತಗಲೋ ಮಾತೇ ಇಲ್ಲ. ನೋಡಿ, ಇಲ್ಲಿ "ಹೆಂಗೆ?"ಗೆ ಉತ್ತರ ಇದೆ.

ಸೈನಿಕರ ಪ್ಯಾರಾ ತೆಗೆದು ಆ ಜಾಗಕ್ಕೆ ಇದನ್ನ ನಿಮ್ಮ ಮಾತಲ್ಲಿ ಬರೆದು ಕಳಿಸಿ, ಹಾಕೋಣ. ಜೊತೆಗಿರೋ ಆ ನೀಲಿ ರೋಬೋಟ್ ಚಿತ್ರ ಮಾತ್ರ ಬೇಡ್ವೇ ಬೇಡ.