ಮೊದಲು ಕಾಲುಚೀಲ, ಶಾಲು ಆಮೇಲೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಮಡಿಕೇರಿಗೆ ವರ್ಗವಾಗಿ ಬಂದಿದ್ದೀರಿ, ಇದುವರೆಗೆ ದಪ್ಪ ಉಲ್ಲನ್‌ನಲ್ಲಿ ಸ್ವೆಟರ್, ಮಫ್ಲರ್ ಮಾತ್ರ ಹೆಣೆದಿದ್ದೀರಿ. ಈಗ ಯಾರೋ ನೂರು ನೂರು ಗ್ರಾಂನ ಎರಡು ಲಡಿ ಫಿಂಗರಿಂಗ್ ಎಂಬ ತೆಳು ಉಣ್ಣೆ ಉಡುಗೊರೆ ಕೊಟ್ಟಿದ್ದಾರೆ. ಬೇರೆಯವರ ಪ್ಯಾಟರ್ನ್ ಹಿಡಿಯದೆ ನಿಮ್ಮದೇ ವಿನ್ಯಾಸದಲ್ಲಿ ಒಂದು ಶಾಲು, ಒಂದು ಜೊತೆ ಕಾಲುಚೀಲ ಆಗಬೇಕು. ಯಾವುದರಿಂದ ಶುರು ಮಾಡಲಿ, ಚಿತ್ರ ಬಿಡಿಸಲು ಬಾರದವಳಿಗೆ ವಿನ್ಯಾಸ ಬಂದೀತೇ, ಕೊನೆಗೆ, ಕಾಲುಚೀಲ ಹಾಕಿಕೊಂಡರೆ ಜಿಗಣೆ ಕಚ್ಚುವುದಿಲ್ಲವೇ?

ಕಾಲುಚೀಲದಿಂದ ಶುರು ಮಾಡಿ. ಚಿತ್ರ ಬಿಡಿಸಲು ನನಗೂ ಬರುವುದಿಲ್ಲ, ರಂಗೋಲಿಯೂ ಸೊಟ್ಟ. ಆದರೆ ಮಗ್ಗಿ ಬರುತ್ತದೆ. ಇಲ್ಲಿಗೆ ಅಷ್ಟು ಸಾಕು. ಕಾಲುಚೀಲಕ್ಕೆ ಎಷ್ಟು ಕುಣಿಕೆ ಬೇಕೆಂದು ನಿಮ್ಮ ಪಾದ ಹೇಳುತ್ತದೆ, ಶಾಲು ಎಲ್ಲಿ ಮುಗಿಯಬೇಕೆಂದು ದಾರ ಹೇಳುತ್ತದೆ. ಪಾದದ ಮಾತು ಕೇಳುವುದು ಸುಲಭ. ದಾರದ ಮಾತು ಕೇಳದೆ ನಾನು ಕೆಟ್ಟ ಕಥೆಯನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಡ್ಡಿಯ ವಿಷಯ, ಏಕೆಂದರೆ ಮೊದಲ ಎಡವಟ್ಟು ಆಗುವುದು ಅಲ್ಲೇ. ನಮ್ಮಲ್ಲಿ ಹಳಬರು 'ಹದಿಮೂರು ನಂಬರ್ ಕಡ್ಡಿ', 'ಎಂಟು ನಂಬರ್ ಕಡ್ಡಿ' ಎನ್ನುತ್ತಾರಲ್ಲ, ಅದು ಹಳೆಯ ಬ್ರಿಟಿಷ್ ಲೆಕ್ಕ. ನಂಬರ್ ಏರಿದಷ್ಟೂ ಕಡ್ಡಿ ತೆಳುವಾಗುತ್ತದೆ. 13 ನಂಬರ್ ಎಂದರೆ 2.25 ಮಿ.ಮೀ., 8 ನಂಬರ್ ಎಂದರೆ 4 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ತಲೆಕೆಳಗು: ಅಲ್ಲಿ 2.25 ಮಿ.ಮೀ. ಕಡ್ಡಿಗೆ 1, 4 ಮಿ.ಮೀ. ಕಡ್ಡಿಗೆ 6. ಅಂತರ್ಜಾಲದಲ್ಲಿ ಓದಿದ ನಂಬರನ್ನು ಅಂಗಡಿಯಲ್ಲಿ ಹೇಳಿದರೆ ಬೇರೆಯೇ ಕಡ್ಡಿ ಮನೆಗೆ ಬರುತ್ತದೆ. ಮಿಲಿಮೀಟರ್ ಒಂದನ್ನೇ ನಂಬಿ. ಕಾಲುಚೀಲಕ್ಕೆ 2.25 ಅಥವಾ 2.5, ಶಾಲಿಗೆ 4 ಮಿ.ಮೀ. ದಾರ ಅದೇ ಆದರೂ ಕಾಲುಚೀಲಕ್ಕೆ ಬಿಗಿ ಬೇಕು, ಶಾಲಿಗೆ ಗಾಳಿ ಬೇಕು.

ಎರಡನೆಯದು ಲೇಬಲ್. ಫಿಂಗರಿಂಗ್ ಎಂದರೆ ದಾರದ ದಪ್ಪದ ಹೆಸರು ಮಾತ್ರ. ನೂರು ಗ್ರಾಂಗೆ ಸುಮಾರು 400 ಮೀಟರ್ ಬರುವಷ್ಟು ತೆಳು. ಅದು ಯಾವ ನಾರಿನದು ಎಂಬುದನ್ನು ಆ ಹೆಸರು ಹೇಳುವುದಿಲ್ಲ. ನಿಮ್ಮ ಎರಡು ಲಡಿಗಳಲ್ಲಿ ಯಾವುದರಲ್ಲಾದರೂ ನೂರಕ್ಕೆ 75 ಪಾಲು ಮೆರಿನೊ ಕುರಿಯ ಉಣ್ಣೆ, 25 ಪಾಲು ನೈಲಾನ್ ಎಂದಿದ್ದರೆ ಅದು ಕಾಲುಚೀಲಕ್ಕೆ ಮೀಸಲು. ಬರೀ ಮೆರಿನೊ ಇದ್ದರೆ ಅದು ಶಾಲಿಗೆ. ನೈಲಾನ್ ಇಲ್ಲದ ಮೆತ್ತನೆಯ ಉಣ್ಣೆ ಗಂಬೂಟಿನೊಳಗೆ ಹಿಮ್ಮಡಿಯಲ್ಲಿ ಬೇಗ ಸವೆದು ಜಾಲರಿಯಾಗುತ್ತದೆ. 'ಸೂಪರ್‌ವಾಷ್' ಎಂದು ಬರೆದಿದೆಯೇ ಎಂದೂ ನೋಡಿ. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕಂಬಳಿಯಂತೆ ಗಟ್ಟಿಯಾಗಿ ಕುಗ್ಗುತ್ತದೆ. ಸೂಪರ್‌ವಾಷ್ ಉಣ್ಣೆಯಲ್ಲಿ ಆ ಹುರುಪೆಗಳನ್ನು ಮೊದಲೇ ಸವರಿ ಅಥವಾ ಮುಚ್ಚಿ ಕಳುಹಿಸಿರುತ್ತಾರೆ. ನಮ್ಮ ಮನೆಯಲ್ಲಿ ಒಂದು ಜೊತೆ ಕಾಲುಚೀಲ ವಾಷಿಂಗ್ ಮೆಷಿನ್‌ಗೆ ಹೋಗಿ, ಮೊಮ್ಮಗಳ ಗೊಂಬೆಗೆ ಸರಿಹೊಂದುವ ಅಳತೆಯಲ್ಲಿ ಹೊರಬಂದಿದೆ. ಹಾಕಿದವರು ಯಾರು ಎಂಬ ವಿಚಾರಣೆ ಇನ್ನೂ ಮುಗಿದಿಲ್ಲ.

ಲಡಿಯಿಂದ ನೇರವಾಗಿ ಹೆಣೆಯಲು ಕೂರಬೇಡಿ, ದಾರ ಸಿಕ್ಕುಗಟ್ಟಿ ಒಂದು ಸಂಜೆಯನ್ನು ನುಂಗುತ್ತದೆ. ಎರಡು ಕುರ್ಚಿಗಳ ಬೆನ್ನಿಗೆ ಲಡಿಯನ್ನು ಹಾಕಿ ಉಂಡೆ ಸುತ್ತಿಕೊಳ್ಳಿ.

ಈಗ ಪಾದ. ಬೆರಳುಗಳ ಬುಡದ ಹತ್ತಿರ, ಪಾದ ಅತಿ ಅಗಲವಾಗಿರುವಲ್ಲಿ ಟೇಪು ಸುತ್ತಿ. ನನ್ನದು 22 ಸೆಂ.ಮೀ. 2.25 ಕಡ್ಡಿಯಲ್ಲಿ ಅಂಗೈಯಗಲದ ಒಂದು ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನಲ್ಲಿ ಎಣಿಸಿ. ಒಣಗಿಸದೆ ಎಣಿಸಿದರೆ ಆ ಲೆಕ್ಕ ಸುಳ್ಳು ಹೇಳುತ್ತದೆ. ನನ್ನ ಕೈಯಲ್ಲಿ 10 ಸೆಂ.ಮೀ.ಗೆ 32 ಕುಣಿಕೆ ಬೀಳುತ್ತವೆ. 22 ಸೆಂ.ಮೀ.ಗೆ 70. ಕಾಲುಚೀಲ ಪಾದಕ್ಕಿಂತ ಹತ್ತರಲ್ಲಿ ಒಂದು ಪಾಲು ಸಣ್ಣದಿರಬೇಕು, ಇಲ್ಲವಾದರೆ ಬೂಟಿನೊಳಗೆ ಮುದುಡಿಕೊಳ್ಳುತ್ತದೆ. 70ರಲ್ಲಿ 7 ಕಳೆದರೆ 63. ಎರಡು ಸೀದಾ ಎರಡು ಉಲ್ಟಾ ಬಾರ್ಡರಿಗೆ ನಾಲ್ಕರಿಂದ ಭಾಗವಾಗಬೇಕು, ಆದ್ದರಿಂದ 64. ನಿಮ್ಮ ವಿನ್ಯಾಸದ ಮುಕ್ಕಾಲು ಭಾಗ ಇಲ್ಲಿಗೆ ಮುಗಿಯಿತು. ಮುಂದಿನ ಸಂಖ್ಯೆಗಳೆಲ್ಲ ಈ 64ರ ಮಕ್ಕಳು.

ಎರಡೂ ತುದಿ ಚೂಪಾಗಿರುವ ಐದು ಕಡ್ಡಿಗಳಲ್ಲಿ ಆದರೂ ಸರಿ, 80 ಸೆಂ.ಮೀ. ವೈರಿನ ಒಂದೇ ಸರ್ಕ್ಯುಲರ್ ಕಡ್ಡಿಯಲ್ಲಾದರೂ ಸರಿ, ಸುತ್ತಾಗಿ ಹೆಣೆಯುತ್ತ ಇಳಿಯಿರಿ. ಬಾರ್ಡರ್ ಮುಗಿದ ಮೇಲೆ ಕಣಕಾಲಿನವರೆಗೆ ಬರೀ ಸೀದಾ. ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟು ಹೋದರೆ ನಮ್ಮ ಕಡೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಆ ಕತ್ತಲೆಯಲ್ಲೂ ಬೆರಳಿನ ಅಂದಾಜಿನಲ್ಲೇ ಸಾಗುವ ಕೆಲಸ ಇದು.

ಹಿಮ್ಮಡಿಗೆ ಮಾತ್ರ ಬೆಳಕು ಬೇಕು. 64ರಲ್ಲಿ ಅರ್ಧ, 32 ಕುಣಿಕೆಗಳ ಮೇಲೆ ಹಿಂದೆ ಮುಂದೆ 32 ಸಾಲು ಹೆಣೆಯಿರಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಸರಿಸಿಕೊಳ್ಳಿ. ಸೀದಾ ಸಾಲುಗಳಲ್ಲಿ ಒಂದು ಬಿಟ್ಟು ಒಂದು ಕುಣಿಕೆಯನ್ನೂ ಸರಿಸಿದರೆ ಬಟ್ಟೆ ಎರಡು ಪದರದಂತೆ ದಪ್ಪವಾಗಿ ಬರುತ್ತದೆ. ಆಮೇಲೆ ತಿರುವು. ಸೀದಾ ಬದಿಯಲ್ಲಿ 17 ಕುಣಿಕೆ ದಾಟಿ, ಎರಡನ್ನು ಸೇರಿಸಿ ಒಂದು ಮಾಡಿ, ಇನ್ನೊಂದು ಹೆಣೆದು, ಉಳಿದ ಹನ್ನೆರಡನ್ನು ಹಾಗೆಯೇ ಬಿಟ್ಟು ಹಿಂತಿರುಗಿ. ಉಲ್ಟಾ ಬದಿಯಲ್ಲಿ ಒಂದು ಸರಿಸಿ, ಮೂರು ಹೆಣೆದು, ಎರಡು ಸೇರಿಸಿ, ಒಂದು ಹೆಣೆದು ಮತ್ತೆ ಹಿಂತಿರುಗಿ. ಈಗ ಕಡ್ಡಿಯ ಮೇಲೆ ಎರಡೂ ಕಡೆ ಒಂದೊಂದು ಸಣ್ಣ ಸಂದು ಕಾಣಿಸುತ್ತದೆ. ಇನ್ನು ಮುಂದೆ ಪ್ರತಿ ಸಲವೂ ಸಂದಿನ ಆಚೆ ಈಚೆಯ ಎರಡನ್ನು ಸೇರಿಸಿ, ಒಂದು ಹೆಣೆದು ತಿರುಗುವುದು, ಅಷ್ಟೇ. ಬಿಟ್ಟ ಕುಣಿಕೆಗಳೆಲ್ಲ ಮುಗಿಯುವ ಹೊತ್ತಿಗೆ 32 ಹೋಗಿ 18 ಉಳಿದಿರುತ್ತವೆ, ಚಪ್ಪಟೆಯಾಗಿದ್ದ ತುಂಡು ಬಟ್ಟಲಿನಂತೆ ಬಾಗಿರುತ್ತದೆ. ಮೊದಲ ಸಲ ಅದನ್ನು ನೋಡಿ ನಾನು ಒಲೆಯ ಮೇಲಿದ್ದ ಹಾಲನ್ನು ಮರೆತಿದ್ದೆ.

ಬದಿಯ ಅಂಚಿನಲ್ಲಿ ಸರಿಸಿದ್ದ ಕುಣಿಕೆಗಳು 16 ಇರುತ್ತವೆ. ಅವನ್ನು ಎತ್ತಿಕೊಂಡು, ಮೂಲೆಯಲ್ಲಿ ತೂತು ಬೀಳದಂತೆ ಒಂದು ಹೆಚ್ಚಿಗೆ ಸೇರಿಸಿ 17 ಮಾಡಿ. ಎರಡೂ ಬದಿ ಸೇರಿ 34, ಹಿಮ್ಮಡಿಯ 18, ಪಾದದ ಮೇಲ್ಭಾಗದ 32, ಒಟ್ಟು 84. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡೆರಡು ಕಳೆಯುತ್ತ ಹೋದರೆ ಇಪ್ಪತ್ತು ಸುತ್ತಿಗೆ ಮತ್ತೆ 64. ಪಾದದ ಉದ್ದಕ್ಕೆ 5 ಸೆಂ.ಮೀ. ಬಾಕಿ ಇರುವಾಗ ತುದಿ ಶುರು: ಒಂದು ಸುತ್ತು ಬಿಟ್ಟು ಒಂದರಲ್ಲಿ ನಾಲ್ಕು ಕಳೆದು 32ಕ್ಕೆ, ಅಲ್ಲಿಂದ ಪ್ರತಿ ಸುತ್ತೂ ಕಳೆದು 16ಕ್ಕೆ. ಉಳಿದ ಎಂಟು ಮತ್ತು ಎಂಟನ್ನು ಸೂಜಿಯಿಂದ ಹೊಲಿದು ಸೇರಿಸುವ, ಗಂಟು ತಗಲದ ಹೊಲಿಗೆಗೆ ಕಿಚನರ್ ಎಂದು ಹೆಸರು. 1902ರಿಂದ 1909ರವರೆಗೆ ಭಾರತದ ಸೇನೆಗೆ ಮುಖ್ಯಸ್ಥನಾಗಿದ್ದ ಅದೇ ಲಾರ್ಡ್ ಕಿಚನರ್. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಹೆಣೆದ ಕಾಲುಚೀಲಗಳ ಜೊತೆ ಅವನ ಹೆಸರು ಅಂಟಿಕೊಂಡಿತು. ಸೈನಿಕರ ನಾಡಿನಲ್ಲಿ ಕುಳಿತು ಆ ಹೊಲಿಗೆ ಹಾಕುವಾಗ ನನಗೆ ನಮ್ಮ ಅತ್ತೆ ನೆನಪಾಗುತ್ತಾರೆ. 1962ರ ಯುದ್ಧದ ಹೊತ್ತಿಗೆ ದೇಶದ ಹೆಂಗಸರೆಲ್ಲ ಜವಾನರಿಗೆ ಸ್ವೆಟರ್ ಹೆಣೆಯುತ್ತಿದ್ದಾಗ ಅವರೂ ಹೆಣೆದವರು. ನನ್ನ ತೆಳು ಕಡ್ಡಿಗಳನ್ನು ನೋಡಿ, 'ಇದೇನು, ಅಗರಬತ್ತಿಯಲ್ಲಿ ಹೆಣೆಯುತ್ತಿದ್ದೀಯಾ?' ಎಂದು ಕೇಳಿದ್ದರು.

ಒಂದು ಕಾಲುಚೀಲ ಮುಗಿದ ರಾತ್ರಿಯೇ ಎರಡನೆಯದಕ್ಕೆ ಕುಣಿಕೆ ಹಾಕಿಬಿಡಿ. ನನ್ನ ಪೆಟ್ಟಿಗೆಯಲ್ಲಿ ಜೊತೆಯಿಲ್ಲದ ಮೂರು ಒಂಟಿ ಕಾಲುಚೀಲಗಳಿವೆ.

ಶಾಲಿನ ಕಥೆಗೆ ಬರುತ್ತೇನೆ. ನನ್ನ ಮೊದಲ ತ್ರಿಕೋನ ಶಾಲನ್ನು ಕುತ್ತಿಗೆಯ ಕಡೆಯಿಂದ ಶುರು ಮಾಡಿದ್ದೆ. 118ನೇ ಸಾಲಿನಲ್ಲಿ ಉಂಡೆಯನ್ನು ತೂಗಿದೆ. ಕಾಫಿ ಮಾದರಿ ತೂಗಲು ಮನೆಯವರು ತಂದಿಟ್ಟ ಸಣ್ಣ ಡಿಜಿಟಲ್ ತಕ್ಕಡಿ, ಗ್ರಾಂ ಲೆಕ್ಕದಲ್ಲಿ ಸುಳ್ಳಾಡುವುದಿಲ್ಲ. ಸರಿಯಾಗಿ 50 ಗ್ರಾಂ ಉಳಿದಿತ್ತು. ಅರ್ಧ ದಾರಕ್ಕೆ 118 ಸಾಲು, ಹಾಗಾದರೆ ಇನ್ನೂ 118 ಸಾಲು ಬರುತ್ತದೆ, ಎಂದು ಸಂತೋಷದಿಂದ ದೊಡ್ಡ ಜಾಲರಿ ಅಂಚಿನ ಕನಸು ಕಂಡೆ. 168ನೇ ಸಾಲಿನಲ್ಲಿ, ಅಂಚಿನ ನಟ್ಟನಡುವೆ, ದಾರ ಮುಗಿಯಿತು. ಕಡ್ಡಿಯ ಮೇಲೆ 343 ಕುಣಿಕೆ, ಕೈಯಲ್ಲಿ ಗೇಣುದ್ದದ ದಾರ.

ಕಾರಣ ಮಗ್ಗಿಯಲ್ಲೇ ಇತ್ತು. ತ್ರಿಕೋನ ಕೆಳಗೆ ಹೋದಂತೆ ಅಗಲವಾಗುತ್ತದೆ, ಪ್ರತಿ ಸಾಲೂ ಹಿಂದಿನದಕ್ಕಿಂತ ಹೆಚ್ಚು ದಾರ ತಿನ್ನುತ್ತದೆ. ಉದ್ದದ ಹತ್ತರಲ್ಲಿ ಏಳು ಭಾಗ ಮುಗಿದಾಗ ವಿಸ್ತೀರ್ಣ ಏಳೇಳು ನಲವತ್ತೊಂಬತ್ತು, ಅಂದರೆ ನೂರಕ್ಕೆ ಅರ್ಧ. ಅರ್ಧ ದಾರ ಮುಗಿದಾಗ ಶಾಲಿನ ಉದ್ದದ ಹತ್ತರಲ್ಲಿ ಮೂರು ಭಾಗ ಮಾತ್ರ ಬಾಕಿ ಇರುತ್ತದೆ. 118ನ್ನು ಏಳರಿಂದ ಭಾಗಿಸಿ ಹತ್ತರಿಂದ ಗುಣಿಸಿದ್ದರೆ 168 ಎಂದು ಆವತ್ತೇ ತಿಳಿಯುತ್ತಿತ್ತು. ಶಾಲು ವಿನ್ಯಾಸ ಮಾಡುವವರು ಬಾಯಿಪಾಠ ಮಾಡಬೇಕಾದ್ದು ಇದೊಂದೇ ಎನ್ನುವಷ್ಟು ಇದು ಮುಖ್ಯ. ದುಂಡು ಶಾಲಿನಲ್ಲೂ ಇದೇ ಲೆಕ್ಕ ನಡೆಯುತ್ತದೆ. ಎಲಿಜಬೆತ್ ಜಿಮ್ಮರ್‌ಮನ್ ಎಂಬ ಹೆಣಿಗೆ ವಿನ್ಯಾಸಕಿ ಪ್ರಸಿದ್ಧಗೊಳಿಸಿದ 'ಪೈ ಶಾಲು' ಎಂಬ ಬಗೆಯಲ್ಲಿ, ನಡುವಿನಿಂದ ಅಂಚಿನ ದೂರ ಇಮ್ಮಡಿಯಾದಾಗಲೆಲ್ಲ ಒಂದೇ ಸುತ್ತಿನಲ್ಲಿ ಕುಣಿಕೆಗಳನ್ನು ಇಮ್ಮಡಿ ಮಾಡುತ್ತಾರೆ. ನಡುವೆ ಎಲ್ಲೂ ಹೆಚ್ಚಿಸುವುದೇ ಇಲ್ಲ.

ನಿಮ್ಮ ಮೊದಲ ಶಾಲಿಗೆ ತ್ರಿಕೋನವೇ ಇರಲಿ. ಏಳು ಕುಣಿಕೆ ಹಾಕಿ: ಅಂಚಿಗೆ ಮೂರು, ನಡುಬೆನ್ನಿಗೆ ಒಂದು, ಆಚೆ ಅಂಚಿಗೆ ಮೂರು. ಎದುರು ಬದಿಯ ಪ್ರತಿ ಸಾಲಿನಲ್ಲಿ ನಾಲ್ಕು ಕಡೆ ಕಡ್ಡಿಗೆ ದಾರ ಸುತ್ತಿ ಹೊಸ ಕುಣಿಕೆ ಮಾಡಿ: ಎರಡು ಅಂಚುಗಳ ಒಳಬದಿಯಲ್ಲಿ ಮತ್ತು ನಡುಬೆನ್ನಿನ ಎರಡೂ ಪಕ್ಕದಲ್ಲಿ. ಹಿಂಬದಿಯ ಸಾಲಿನಲ್ಲಿ ಏನೂ ಹೆಚ್ಚಿಸಬೇಡಿ. ಮೊದಲ ಸಾಲಿನಲ್ಲಿ ಮಾತ್ರ ಎರಡೆರಡು ಸುತ್ತು ಒಟ್ಟಿಗೆ ಬೀಳುತ್ತವೆ, ಹಿಂದಿರುಗುವಾಗ ಒಂದನ್ನು ಸೀದಾ, ಇನ್ನೊಂದನ್ನು ಉಲ್ಟಾ ಹೆಣೆಯಿರಿ. ಇದರಲ್ಲೊಂದು ಚೆಂದವಿದೆ: ಎಷ್ಟು ಸಾಲು ಮುಗಿದಿದೆಯೋ ಪ್ರತಿ ಪಕ್ಕದಲ್ಲೂ ಅಷ್ಟೇ ಕುಣಿಕೆ. ನೂರನೇ ಸಾಲಿಗೆ ಆ ಪಕ್ಕ ನೂರು, ಈ ಪಕ್ಕ ನೂರು.

ಈ ಲೆಕ್ಕ ಕೈಗೆ ಬಂದರೆ ಅಲಂಕಾರ ತಾನಾಗಿ ಕೂರುತ್ತದೆ. ನಮ್ಮ ಹಳೆಯ ಮನೆಯ ಹೆಂಚಿನ ಸೂರಿನಿಂದ ಮಳೆನೀರು ಇಳಿದು ಅಂಗಳದ ಮಣ್ಣಿನಲ್ಲಿ ಸಾಲಾಗಿ ಗುಳಿಗಳಾಗುತ್ತವೆ, ನೀವೂ ನೋಡಿರುತ್ತೀರಿ. ನನ್ನ ಎರಡನೇ ಶಾಲಿನಲ್ಲಿ ಪ್ರತಿ ಹನ್ನೆರಡು ಸಾಲಿಗೊಮ್ಮೆ ಅಂಥದೊಂದು ಗುಳಿಸಾಲು ಹಾಕಿದೆ. ಎರಡನ್ನು ಸೇರಿಸಿ ಒಂದು, ದಾರ ಸುತ್ತು, ಮತ್ತೆ ಎರಡನ್ನು ಸೇರಿಸಿ ಒಂದು, ದಾರ ಸುತ್ತು. ಎದುರು ಸಾಲು ಶುರುವಾಗುವಾಗ ಪಕ್ಕದ ಸಂಖ್ಯೆ ಯಾವಾಗಲೂ ಸಮಸಂಖ್ಯೆಯಾದ್ದರಿಂದ ಒಂದೂ ಕುಣಿಕೆ ಹೆಚ್ಚು ಕಡಿಮೆಯಾಗುವುದಿಲ್ಲ. ಅಂಚಿಗೆ ಅಲೆ ಬೇಕೆಂದರೆ 18ರ ಗುಂಪಿನ ಹಳೆಯ ನಮೂನೆಯೊಂದಿದೆ: ಮೂರು ಸಲ ಎರಡೆರಡನ್ನು ಸೇರಿಸಿ, ಆರು ಸಲ ದಾರ ಸುತ್ತಿ ಒಂದೊಂದು ಹೆಣೆದು, ಮತ್ತೆ ಮೂರು ಸಲ ಎರಡೆರಡನ್ನು ಸೇರಿಸುವುದು. ಆಮೇಲೆ ಮೂರು ಸಾಲು ಸಾದಾ. ಇದನ್ನು 144ನೇ ಸಾಲಿನ ನಂತರ ಶುರು ಮಾಡಿ, ಹದಿನೆಂಟೆಂಟಲೆ ನೂರ ನಲವತ್ತನಾಲ್ಕು. ಮುಂದೆ ಹೆಚ್ಚುವ ಕುಣಿಕೆಗಳನ್ನು ಸಾದಾ ಇಟ್ಟುಕೊಳ್ಳಿ. ಶುರು ಮಾಡುವ ಮುನ್ನ ಬೇರೆ ಬಣ್ಣದ ತೆಳು ನೂಲನ್ನು ಆ ಸಾಲಿನ ಎಲ್ಲ ಕುಣಿಕೆಗಳೊಳಗೆ ಪೋಣಿಸಿಡಿ. ಬಿಚ್ಚುವ ಪ್ರಸಂಗ ಬಂದರೆ ಅಲ್ಲಿಗೆ ನಿಲ್ಲುತ್ತದೆ.

ಮುಗಿಸುವ ಸಾಲಿಗೆ ಅಂಚಿನ ಉದ್ದದ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು ದಾರ ಉಳಿಸಿ. ಹತ್ತು ಮೀಟರ್, ಅಂದರೆ ತಕ್ಕಡಿಯಲ್ಲಿ ಎರಡೂವರೆ ಗ್ರಾಂ. ಸಡಿಲವಾಗಿ ಮುಗಿಸಿ, ಬಿಗಿದರೆ ಅಂಚು ದೋಣಿಯಂತೆ ಮೇಲೇಳುತ್ತದೆ.

ಕಡ್ಡಿಯಿಂದ ಇಳಿಸಿದ ಶಾಲು ಹಿಂಡಿದ ಪಾತ್ರೆ ಒರೆಸುವ ಬಟ್ಟೆಯಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತಿರುಚದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಹಾಸಿಗೆಯ ಮೇಲೆ ಎಳೆದು ಗುಂಡುಸೂಜಿ ಚುಚ್ಚಿ ಒಣಗಲು ಬಿಡಿ. ಜಾಲರಿ ಆಗಲೇ ಕಣ್ಣು ಬಿಡುವುದು. ಇದನ್ನು ಮಾತ್ರ ಕೊಡಗಿನ ಆಷಾಢದಲ್ಲಿ ಮಾಡಬೇಡಿ. ಒಮ್ಮೆ ಮಾಡಿ, ನಾಲ್ಕು ದಿನವಾದರೂ ಒಣಗದ ಶಾಲನ್ನು ಒಲೆಯ ಮೇಲಿನ ಅಟ್ಟದ ಹತ್ತಿರ ಹರಡಿದೆ. ಒಣಗಿತು, ಆದರೆ ಹೊದ್ದು ಮದುವೆಗೆ ಹೋದಾಗ ಪಕ್ಕದಲ್ಲಿ ಕುಳಿತವರು ಒಣಮೀನಿನ ವಿಚಾರ ತೆಗೆದರು. ಮಳೆಗಾಲದಲ್ಲಿ ಹೆಣೆಯಿರಿ, ಮಳೆ ಮುಗಿದು ಬರುವ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿನ ಬಿಸಿಲಿಗೆ ಚುಚ್ಚಿ ಒಣಗಿಸಿ.

ಇನ್ನು ಜಿಗಣೆ. ಹೆಣೆದ ಕಾಲುಚೀಲದಲ್ಲಿ ಕುಣಿಕೆಗೊಂದು ಕಂಡಿ ಇರುತ್ತದೆ, ಜಿಗಣೆಗೆ ಅದು ಹೆಬ್ಬಾಗಿಲು. ತೋಟಕ್ಕೆ ಇಳಿಯುವಾಗ ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹೊಲಿದ ಜಿಗಣೆ ಚೀಲವನ್ನು ಮೊಣಕಾಲಿನವರೆಗೆ ಕಟ್ಟಿಕೊಳ್ಳಬೇಕು. ನಿಮ್ಮ ಉಣ್ಣೆಯದು ಅದರೊಳಗಿರಲಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಒದ್ದೆ ಎನಿಸುವುದಿಲ್ಲ, ಗಂಬೂಟಿನೊಳಗೆ ಕಾಲು ಬೆಚ್ಚಗಿರುತ್ತದೆ. ಮೊದಲ ಜೊತೆಗೆ ಕಡುಗಪ್ಪು ಬಣ್ಣ ಬೇಡ: ಕುಣಿಕೆ ಎಣಿಸಲು ಕಷ್ಟ, ಹತ್ತಿದ ಜಿಗಣೆಯೂ ಕಾಣುವುದಿಲ್ಲ.