ಮೇಕ್ಲಾಂಗ್‌ಗೆ ರೈಲಲ್ಲೇ ಹೋಗಿ

ಬ್ಯಾಂಕಾಕ್‌ನಿಂದ, ರೈಲು ಹಳಿಯ ಮೇಲೆಯೇ ನಡೆಯುವ ಮೇಕ್ಲಾಂಗ್ ರೈಲು ಸಂತೆಗೆ ಟೂರ್ ವ್ಯಾನ್ ಬಿಟ್ಟು ರೈಲಲ್ಲೇ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ, ಆದರೆ ಇಡೀ ದಿನ ಇಟ್ಟುಕೊಳ್ಳಿ. ಬೆಳಿಗ್ಗೆ ಬ್ಯಾಂಕಾಕ್‌ನ ವೊಂಗ್‌ವಿಯನ್ ಯಾಯ್ ನಿಲ್ದಾಣದಲ್ಲಿ ಹತ್ತಿದರೆ ಸುಮಾರು ಒಂದು ಗಂಟೆಯ ಪ್ರಯಾಣದಲ್ಲಿ ಮಹಾಚಾಯ್ ನಿಲ್ದಾಣ. ಅಲ್ಲಿ ಹಳಿಯೇ ಮುಗಿಯುತ್ತದೆ! ದೋಣಿಯಲ್ಲಿ ತಾ ಚಿನ್ ನದಿ ದಾಟಿ, ಆಚೆ ದಡದ ಬಾನ್ ಲೇಮ್ ನಿಲ್ದಾಣದಲ್ಲಿ ಮೇಕ್ಲಾಂಗ್‌ಗೆ ಹೋಗುವ ಇನ್ನೊಂದು ರೈಲು ಹತ್ತಬೇಕು. ಅದು ದಿನಕ್ಕೆ ಕೆಲವೇ ಸಲ ಇರುತ್ತದೆ, ಹಾಗಾಗಿ ಮೊದಲು ಅದರ ಸಮಯ ನೋಡಿ.

ಕಿಟಕಿ ಪಕ್ಕ ಕೂತರೆ ಉಪ್ಪಿನ ಗದ್ದೆಗಳು ಕಾಣುತ್ತವೆ. ಸಂತೆಯಲ್ಲಿ ರೈಲು ಬಂತೆಂದರೆ ವ್ಯಾಪಾರಿಗಳು ಟಾರ್ಪಾಲು ಮಡಚಿ, ಮೀನಿನ ತಟ್ಟೆಗಳನ್ನು ಹಿಂದಕ್ಕೆ ಎಳೆಯುತ್ತಾರೆ. ಹಳಿ ಪಕ್ಕದ ತರಕಾರಿ ಗುಡ್ಡೆ ಮಾತ್ರ ಅಲ್ಲೇ ಇರುತ್ತದೆ, ಬೋಗಿ ಅದರ ಮೇಲೆಯೇ ಹೋಗುತ್ತದೆ! ಶುಕ್ರವಾರದಿಂದ ಭಾನುವಾರದೊಳಗೆ ಹೋದರೆ ಸಂಜೆ ಹತ್ತಿರದ ಅಂಫವಾ ತೇಲುವ ಸಂತೆಯನ್ನೂ ನೋಡಿ. ವಾಪಸ್ ಬರಲು ವ್ಯಾನ್ ಸಾಕು.